ಮೊಸಳೆಯ ಬಾಯಲ್ಲಿ ಉಳಿದ ಆನೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ರೈಲ್ವೆ ಮುಷ್ಕರ ಮುಗಿದದ್ದೇ ತಡ ಘಾಟ್ಕೋಪರ್, ಚೆಂಬೂರುಗಳಿಂದ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದು, ಇನ್ನೂ ಉಸಿರು ಸುಧಾರಿಸಿಕೊಳ್ಳುತ್ತಿರುವ ಸಭಿಕರೇ,

ನನ್ನ ಮಗಳು ಪದ್ಮಾಸನಿ ದೆಹಲಿಯ ನಾಟಕ ಶಾಲೆಗೆ ಆಯ್ಕೆಯಾಗಿದ್ದಾಳೆಂದು ನಮ್ಮ ಕನ್ನಡ ಸಂಘ ಈ ಬೀಳ್ಕೊಡುಗೆ ಏರ್ಪಡಿಸಿದೆ. ಇಂಥ ಕಡೆ ತಂದೆಯಾದವನು ಎರಡು ಮಾತಾಡಿ ಕೂರಬೇಕು. ಆದರೆ ನೀವು ಹರಿಕಥೆ ಮಾಡುವ ಜಯಸಿಂಹ ದಾಸನ ಕೈಗೆ ಮೈಕು ಕೊಟ್ಟಿದ್ದೀರಿ; ತಪ್ಪು ನಿಮ್ಮದು. ಮುಂದಿನ ಸಾಲಿನಲ್ಲಿ ನನ್ನ ಧರ್ಮಪತ್ನಿ ಅಲಮೇಲು ಆಗಲೇ ಸಾಕು ಸಾಕು ಎಂದು ಕೈಸನ್ನೆ ಮಾಡುತ್ತಿದ್ದಾಳೆ. ಮೈಕಿನ ಮುಂದೆ ಇರುವ ತನಕ ನಾನು ಅವಳಿಗೆ ಹೆದರುವವನಲ್ಲ.

ನನ್ನ ತಾತ ನಂಜನಗೂಡಿನ ಕಡೆ ಹೆಸರಾದ ಹರಿದಾಸರು. ಅವರು ತಾಳ ಹಾಕುತ್ತಿದ್ದ ಮರದ ಚಿಟಿಕೆಯನ್ನೇ ಹಿಡಿದು ನನ್ನ ತಂದೆ ಕಥೆ ಮಾಡಿದರು. ನಾನು ಹಗಲು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ, ಸಂಜೆ ಅದೇ ಚಿಟಿಕೆ ಹಿಡಿದ ದಾಸ. ನನಗೆ ಗಂಡುಮಕ್ಕಳಿಲ್ಲ. ಹಾಗೆಂದು ಕೊರಗಿದೆನೆ? ಇಲ್ಲ. ಪದ್ಮಾಸನಿಯನ್ನು ಹಾರ್ಮೋನಿಯಂ ಮುಂದೆ ಕೂರಿಸಿದೆ. ಹೆಣ್ಣು ಹರಿಕಥೆ ಮಾಡಬಾರದೆ? ಧಾರಾಳವಾಗಿ ಮಾಡಬಹುದು. ನಾನು ವಿಶಾಲ ಮನಸ್ಸಿನವನು. ಅವಳು ಹರಿಕಥೆ ಬೇಡ, ನಾಟಕ ಮಾಡುತ್ತೇನೆ ಎಂದಾಗಲೂ ನಾನು ಅಡ್ಡ ಬರಲಿಲ್ಲ. ಮಾತು ಬಿಟ್ಟೆ, ಅಷ್ಟೆ. ದೀಪಾವಳಿಗೆ ಬಿಟ್ಟ ಮಾತು ಯುಗಾದಿ ಬಂದರೂ ಆಡಲಿಲ್ಲ.

ಯುಗಾದಿಯ ಮರುವಾರ ಅಲಮೇಲು ನನ್ನನ್ನು ದಾದರಿಗೆ ಎಳೆದುಕೊಂಡು ಹೋದಳು. ಹಿಂದಿ ನಾಟಕ. ಪರದೆ ಸರಿಯಿತು, ನೋಡುತ್ತೇನೆ, ನನ್ನದೇ ಜರಿ ಪಂಚೆ ಉಟ್ಟು ನನ್ನ ಮಗಳು ಹರಿದಾಸನಾಗಿ ನಿಂತಿದ್ದಾಳೆ. ಸಾಲು ಬಾಡಿಗೆ ಕೋಣೆಗಳ ಚಾಳಿನ ಜನ ನೀರಿಲ್ಲದೆ ಪರದಾಡುವ ನಾಟಕ. ಅವರಿಗೆ ಈ ದಾಸ ಗಜೇಂದ್ರ ಮೋಕ್ಷದ ಕಥೆ ಹೇಳುತ್ತಾನೆ. ನಾನು ಪದ ಮರೆತಾಗ ಕೆಮ್ಮುತ್ತೇನಲ್ಲ, ಆ ಕೆಮ್ಮು. ತಪ್ಪು ನನ್ನದಾದರೂ ಮೃದಂಗದವನನ್ನು ದುರುಗುಟ್ಟಿ ನೋಡುತ್ತೇನಲ್ಲ, ಆ ನೋಟ. ಜನ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಮೊಸಳೆ ಆನೆಯ ಕಾಲು ಹಿಡಿಯಿತು, ಆನೆ ಕೂಗಿತು. ಇಷ್ಟು ವರ್ಷ ಕಥೆ ಮಾಡಿದ್ದೇನೆ, ಆ ಕೂಗು ನನ್ನ ಗಂಟಲಿನಿಂದ ಒಮ್ಮೆಯೂ ಹಾಗೆ ಬಂದಿಲ್ಲ. ನಗುತ್ತಿದ್ದ ಸಭೆ ತೆಪ್ಪಗಾಯಿತು. ಇನ್ನೇನು ಭಗವಂತ ಗರುಡನನ್ನೇರಿ ಬರಬೇಕು, ಅಷ್ಟರಲ್ಲಿ ದೀಪ ಆರಿತು. ನಾಟಕ ಮುಗಿಯಿತಂತೆ.

ಮುಗಿಯುವುದೆಂದರೇನು? ಆನೆಯ ಕಾಲು ಮೊಸಳೆಯ ಬಾಯಲ್ಲೇ ಇದೆ. ಕೊನೆಯ ಮಂಗಳ ಹಾಡಿಲ್ಲ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಮಂಗಳವಿಲ್ಲದೆ ಕಥೆ ನಿಂತರೆ ದಾಸ ಅದೇ ಜಾಗಕ್ಕೆ ಮರಳಿ ಬಂದು ಹಾಡಿ ಮುಗಿಸಬೇಕು. ಒಮ್ಮೆ ಚಪ್ಪರಕ್ಕೆ ಬೆಂಕಿ ಹತ್ತಿ ಕಥೆ ನಿಂತಾಗ, ತಾತ ಮರುದಿನ ಗಾಡಿ ಕಟ್ಟಿಸಿಕೊಂಡು ಆ ಊರಿಗೆ ಹೋಗಿ ಮಂಗಳ ಹಾಡಿ ಬಂದರು. ಕೇಳಲು ಇದ್ದವರು ಪೂಜಾರಿ ಒಬ್ಬರೇ. ಅಂಥವರ ಮೊಮ್ಮಗ ಸುಮ್ಮನೆ ಕೂರಬೇಕೆ? ಕತ್ತಲಲ್ಲೇ ಎದ್ದು ನಿಂತೆ. ಕನ್ನಡದಲ್ಲೇ ಭಗವಂತನನ್ನು ಕರೆಸಿದೆ, ಚಕ್ರ ಬಿಡಿಸಿದೆ, ಆನೆಯನ್ನು ದಡ ಹತ್ತಿಸಿ ಮಂಗಳ ಹಾಡಿದೆ. ಇದೂ ನಾಟಕದ್ದೇ ಎಂದುಕೊಂಡು ಮರಾಠಿಯವರು, ಗುಜರಾತಿಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ನಿರ್ದೇಶಕ ಓಡಿ ಬಂದು, “ದಾಸ್‌ಜೀ, ಕಲ್ ಭೀ ಆಯಿಯೇ” ಎಂದ. ನಾಳೆಯೂ ಬರಬೇಕಂತೆ!

ಮಗಳು ಮಾತ್ರ ನಗಲಿಲ್ಲ. ನಮ್ಮಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ವಾಡಿಕೆ. ದಾದರ್ ಸ್ಟೇಷನ್ನಿನಲ್ಲಿ, “ಅಣ್ಣ, ನನ್ನ ಆನೇನ ನೀವ್ಯಾಕೆ ಬಿಡಿಸಿದ್ರಿ?” ಎಂದು ಕೇಳಿದಳು.

“ನಮ್ಮ ವಂಶದಲ್ಲಿ ಯಾರೂ ಆನೇನ ನೀರಲ್ಲಿ ಬಿಟ್ಟು ಬಂದಿಲ್ಲ ಕಣೇ,” ಎಂದೆ. ಮಾತು ಬಿಟ್ಟ ಮೇಲೆ ನಾನು ಅವಳಿಗೆ ಆಡಿದ ಮೊದಲ ಮಾತು ಅದು.

“ದೇವರು ಬಂದ್ಬಿಟ್ರೆ ಜನ ಆರಾಮಾಗಿ ಮನೆಗೆ ಹೋಗ್ತಾರೆ. ಆ ಆನೆ ಕೂಗು ಅವರ ಜೊತೆ ಮನೆಗೂ ಹೋಗ್ಲಿ ಅಂತ ಬಿಟ್ಟಿದ್ದೆ ಅಣ್ಣ.”

ಅಷ್ಟರಲ್ಲಿ ಲೋಕಲ್ ಬಂದು ನನ್ನ ಮಾನ ಉಳಿಸಿತು.

ಸಭಿಕರೇ, ಈ ಚೀಲದಲ್ಲಿ ತಾತನ ಚಿಟಿಕೆ ಇದೆ. ಇದನ್ನು ಇಲ್ಲೇ ಅವಳ ಕೈಗೆ ಕೊಟ್ಟುಬಿಡೋಣ, ನಾಲ್ಕು ಜನರ ಎದುರಿಗೆ ಬೇಡವೆನ್ನಲಾರಳು, ದೆಹಲಿಯಿಂದ ಬಂದು ಇದನ್ನೇ ಹಿಡಿಯುತ್ತಾಳೆ ಎಂದುಕೊಂಡು ಬಂದಿದ್ದೆ. ನೋಡಿ, ಅಲಮೇಲು ಸನ್ನೆ ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಹೆದರಬೇಡ ಮಗಳೇ, ಇದು ಚೀಲದಲ್ಲೇ ಇರುತ್ತದೆ. ಬರುವ ರಾಮನವಮಿಗೆ ನಾನೇ ಹಿಡಿಯುತ್ತೇನೆ. ಹಾರ್ಮೋನಿಯಂಗೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ. ಹಿಂದಿನಿಂದ ನಿನ್ನ ಶ್ರುತಿ ಕೇಳದೆ ನಿಂತು ಹಾಡುವುದು ನನಗೆ ಕಷ್ಟವಾಗುತ್ತದೆ. ಆಗಲಿ, ಹಾಡುತ್ತೇನೆ.

ಸಂಘದವರಿಗೆ, ಉಪ್ಪಿಟ್ಟು ಕಾಫಿ ಮಾಡಿಟ್ಟುಕೊಂಡು ನನ್ನ ಭಾಷಣ ಮುಗಿಯಲೆಂದು ಕಾಯುತ್ತಿರುವ ಮಹಿಳಾ ವಿಭಾಗದವರಿಗೆ, ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆಗಳು. ಕೊನೆಗೆ ದಾಸರ ಬಾಯಿಂದಲೇ ಮಂಗಳವಾಗಲಿ ಎಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ಕ್ಷಮಿಸಬೇಕು. ಇವತ್ತು ಈ ವೇದಿಕೆಯಲ್ಲಿ ನಾನು ಮಂಗಳ ಹಾಡುವುದಿಲ್ಲ. ಮಂಗಳವಿಲ್ಲದೆ ನಿಂತ ಜಾಗಕ್ಕೆ ಮರಳಿ ಬರಬೇಕೆಂಬ ನಮ್ಮ ಮನೆಯ ಕಟ್ಟಳೆ ಅವಳಿಗೂ ಗೊತ್ತಿದೆ. ನಮಸ್ಕಾರ.