ಕಲ್ಲಿನಿಂದ ಕೆತ್ತಿ ತೆಗೆದ ಹೆಸರು

ಪ್ರಿಯರೇ, ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಅವನ ಊರು ಯಾವುದೆಂದು ಕೇಳಬೇಡಿ. ಹೇಳಿದರೆ ಈ ಚರ್ಚಿನ ಅರ್ಧ ಸಭೆ ಹಿಂದಿನ ಬೆಂಚಿನ ಕಡೆ ತಿರುಗಿ ನೋಡುತ್ತದೆ.

ಈ ಶ್ರೀಮಂತ ಹೆಂಡತಿಯನ್ನು ಕರೆದುಕೊಂಡು ಮೆಡಿಟರೇನಿಯನ್ ಸಮುದ್ರದಲ್ಲಿ ದೊಡ್ಡ ಹಡಗಿನ ಪ್ರವಾಸಕ್ಕೆ ಹೋದ. ಹಡಗು ಬೆಳಿಗ್ಗೆ ಒಂದು ಬಂದರಿನಲ್ಲಿ ನಿಲ್ಲುತ್ತದೆ. ಜನ ಇಳಿದು ಬಸ್ಸು ಹತ್ತಿ ಹಾಳುಬಿದ್ದ ಹಳೆಯ ಪಟ್ಟಣಗಳನ್ನು ನೋಡಿ ಬರುತ್ತಾರೆ. ಸಂಜೆ ಐದಕ್ಕೆ ಹಡಗು ಹೊರಟುಬಿಡುತ್ತದೆ. ಎಲ್ಲರ ಎದೆಯ ಮೇಲೂ ಒಂದೊಂದು ನಂಬರಿನ ಚೀಟಿ. ಊರಿನಲ್ಲಿ ನೂರು ಜನರಿಗೆ ಅಪ್ಪಣೆ ಮಾಡುವ ಮನುಷ್ಯ, ಅಲ್ಲಿ ಹದಿನಾಲ್ಕನೇ ನಂಬರಿನ ಹಲಗೆ ಹಿಡಿದ ಗೈಡಮ್ಮನ ಹಿಂದೆ ಕುರಿಯ ಹಾಗೆ ನಡೆದ. ಮುಂದಿನ ಸಾಲಿನಲ್ಲಿ ಕೂತ ದೀನಮ್ಮನವರು ನಗುತ್ತಿದ್ದಾರೆ. ನಗಿ, ಇನ್ನು ಸ್ವಲ್ಪ ಹೊತ್ತು ನಗಬಹುದು.

ಬಸ್ಸಿನಲ್ಲಿ ಕೂತಾಗ ಅವನ ಫೋನಿಗೆ ಒಂದು ಚಿತ್ರ ಬಂತು. ಮಗಳ ಮದುವೆಯ ಲಗ್ನಪತ್ರಿಕೆ. ಜೊತೆಗೆ ಊರಿನ ಪ್ರೆಸ್ಸಿನವನು ಬರೆದಿದ್ದ: "ಸಂಜೀಕ ಹೂಂ ಅಂದ್ರ ಅಚ್ಚಿಗೆ ಹಾಕ್ತೀನ್ರಿ ಸಾಹೇಬ್ರ." ಹಡಗು ಹೊರಟರೆ ಎರಡು ದಿನ ಫೋನ್ ಹತ್ತುವುದಿಲ್ಲ. ಹೂಂ ಅನ್ನುವುದಿದ್ದರೆ ಐದರೊಳಗೆ ಅನ್ನಬೇಕು.

ನೋಡಿ, ನಮ್ಮ ಲಗ್ನಪತ್ರಿಕೆಯ ಕೊನೆಯಲ್ಲಿ ಏನಿರುತ್ತದೆ? ತಮ್ಮ ಸುಖಾಗಮನ ಬಯಸುವವರು. ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಹೆಸರು. ಈ ಪತ್ರಿಕೆಯಲ್ಲಿ ಒಂದು ಹೆಸರಿರಲಿಲ್ಲ. ಶ್ರೀಮಂತನ ಒಡಹುಟ್ಟಿದ ತಮ್ಮನ ಹೆಸರು. ಮಗಳು ಬೇಡಿಕೊಂಡಿದ್ದಳು, "ಅಪ್ಪಾ, ಕಾಕಾನ ಹೆಸರು ಹಾಕ್ರಿ. ನನ್ನ ಹೆಗಲ ಮ್ಯಾಲೆ ಹೊತ್ತು ಬೆಳಿಸ್ಯಾರ." ಇವನು ಹಾಕಿಸಲಿಲ್ಲ.

ಯಾಕೆ? ನಾಲ್ಕು ವರ್ಷದ ಹಿಂದೆ ತಂದೆ ತೀರಿದಾಗ ತಮ್ಮ ದೂರದಲ್ಲಿದ್ದ. ಅವನು ಬಂದು ಮುಟ್ಟುವ ಮೊದಲೇ ಅಣ್ಣ ಮಣ್ಣು ಮಾಡಿ ಮುಗಿಸಿದ. ತಮ್ಮ ಸಮಾಧಿಯ ಹತ್ತಿರ ನಿಂತು, ಎಲ್ಲರ ಮುಂದೆ, "ಒಂದ ತಾಸು ಕಾಯಾಕ ಆಗ್ಲಿಲ್ಲಾ ನಿನಗ?" ಅಂದ. ಅಷ್ಟೇ. ಆ ಮಾತು ಅಣ್ಣನ ಎದೆಯಲ್ಲಿ ಮುಳ್ಳಾಗಿ ಕೂತಿತು. ಸುಳ್ಳು ಮಾತಾಗಿದ್ದರೆ ಮರೆಯುತ್ತಿದ್ದನೋ ಏನೋ.

ಗೈಡಮ್ಮ ಎಲ್ಲರನ್ನೂ ಹಳೆಯ ಚರ್ಚೊಂದರ ಒಳಗೆ ಕರೆದುಕೊಂಡು ಹೋದಳು. ಚಾವಣಿ ಇಲ್ಲ, ನಾಲ್ಕು ಕಂಬ, ಒಂದು ಬಾಗಿಲು. ಬಾಗಿಲ ಮೇಲೆ ಒಂದು ಸಾಲು ಬರಹ, ನಡುವೆ ಒಂದು ಗೇಣು ಉಳಿಯಿಂದ ಕೆತ್ತಿ ತೆಗೆದ ಗುಳಿ. ಅವಳು ಓದಿ ಹೇಳಿದಳು: "ಈ ಬಾಗಿಲನ್ನು ಕೊಟ್ಟವರು ಇಂಥವನು ಮತ್ತು ಅವನ ತಮ್ಮ. ತಮ್ಮ ಎಂಬ ಮಾತು ಉಳಿದಿದೆ. ಹೆಸರನ್ನು ಅಣ್ಣನೇ ತೆಗೆಸಿದನಂತೆ."

ಗುಂಪಿನಲ್ಲಿ ಯಾರೋ ಕೇಳಿದರು, ಆ ತಮ್ಮನ ಹೆಸರೇನು?

ಗೈಡಮ್ಮ ನಕ್ಕಳು. "ಇಲ್ಲಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಅಣ್ಣನ ಹೆಸರು ಸ್ಪಷ್ಟವಾಗಿದೆ. ಅದನ್ನು ಈವರೆಗೆ ಒಬ್ಬರೂ ಕೇಳಿಲ್ಲ."

ಕೇಳಿಸಿಕೊಂಡಿರಾ? ಸಾವಿರ ವರ್ಷದ ಮೇಲೂ ಜನ ಕೇಳುವುದು ಅಳಿಸಿದ ಹೆಸರನ್ನು. ಹಾಗಾದರೆ ಅಳಿಸಿ ಅವನು ಸಾಧಿಸಿದ್ದೇನು?

ಶ್ರೀಮಂತ ಅಲ್ಲೇ ನಿಂತ. ಹೆಂಡತಿ ಅವನ ಮುಖ ನೋಡಿ, "ನಮ್ಮ ಪತ್ರಿಕೆ ನೋಡಿದವರೂ ಇದನ್ನ ಕೇಳ್ತಾರ್ರಿ" ಅಂದಳು. ಅವನು ಬೈಯಲಿಲ್ಲ. ಬಿದ್ದ ಕಂಬದ ಮೇಲೆ ಕೂತು ತಮ್ಮನಿಗೆ ಫೋನ್ ಹಚ್ಚಿದ.

"ಯಾಕ ಅಣ್ಣಾ, ಆರಾಮ ಅದೀಯಿಲ್ಲೋ?" ನಾಲ್ಕು ವರ್ಷದ ಮೇಲೆ ತಮ್ಮ ಕೇಳಿದ ಮೊದಲ ಮಾತು ಅದು.

ಅಣ್ಣ ಒಂದೇ ಉಸಿರಿನಲ್ಲಿ ಹೇಳಿದ: "ಆವತ್ತ ನಿನಗ ಕಾಯಬೇಕಿತ್ತೋ. ತಪ್ಪಾತು. ಪತ್ರಿಕೆ ಅಚ್ಚಿಗೆ ಹೊಂಟೈತಿ. ನಿಮ್ಮೆಲ್ಲಾರ ಹೆಸರು ಹಾಕಬೇಕು. ನಿನಗ ಗಂಡು ಕೂಸು ಹುಟ್ಟೇತಂತ ಕೇಳಿದ್ದೆ. ಹೆಸರ ಗೊತ್ತಿಲ್ಲ ನನಗ."

ತಮ್ಮ ಮೆಲ್ಲಗೆ, "ಅಪ್ಪನ ಹೆಸರ ಇಟ್ಟೀವಿ" ಅಂದ.

ಪ್ರಿಯರೇ, ತನ್ನ ಅಪ್ಪನ ಹೆಸರಿನ ಕೂಸು ತನ್ನ ಮನೆತನದಲ್ಲೇ ಓಡಾಡುತ್ತಿದೆ, ಇವನಿಗೆ ಗೊತ್ತೇ ಇಲ್ಲ. ಆ ಹಾಳು ಊರಿನಲ್ಲಿ ಅಷ್ಟು ಜನರ ನಡುವೆ ಅವನು ಅತ್ತ, ಅತ್ತು ಹಗುರಾದ. ಹಡಗು ಹೊರಡುವ ಮೊದಲು ಪತ್ರಿಕೆಗೆ ತಮ್ಮ, ಅವನ ಹೆಂಡತಿ, ಕೂಸು, ಮೂರೂ ಹೆಸರು ಸೇರಿದವು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಕೈಯಲ್ಲಿ ಉಳಿ ಇಲ್ಲವೇ? ಮನೆಯವರ ವಾಟ್ಸಾಪ್ ಗುಂಪಿನಿಂದ ಯಾರನ್ನು ತೆಗೆದಿದ್ದೀರಿ? ಗೋಡೆಯಿಂದ ಯಾರ ಫೋಟೋ ಇಳಿಸಿದ್ದೀರಿ? ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯ ತಟ್ಟೆ ಹಂಚುವಾಗ ಯಾವ ಮನೆ ದಾಟಿ ಹೋಗುತ್ತೀರಿ? ಪವಿತ್ರ ಸ್ಥಳ ನೋಡಲು ಹಡಗು ಹತ್ತಬೇಕಿಲ್ಲ. ದಾಟಿ ಹೋದ ಆ ಮನೆಯ ಹೊಸ್ತಿಲು ಸಾಕು.

ಇಂದು ಮಧ್ಯಾಹ್ನ, ತಾಟಿನ ಮುಂದೆ ಕೂಡುವ ಮೊದಲು, ಆ ಒಬ್ಬರಿಗೆ ಫೋನ್ ಹಚ್ಚಿ. ಕ್ಷಮಿಸು ಅನ್ನಲು ನಾಲಿಗೆ ಏಳದಿದ್ದರೆ ಅವರ ಮಕ್ಕಳ ಹೆಸರು ಕೇಳಿ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ಪ್ರಸಂಗವನ್ನು ಇಂದು ಹತ್ತು ನಿಮಿಷ ಬೇಗ ಮುಗಿಸುತ್ತೇನೆ. ನನಗೂ ಒಂದು ಫೋನ್ ಮಾಡುವುದಿದೆ.