ಎದುರಿನ ಖುರ್ಚಿಯಾಗ ‘ಹೂಂ’ ಅಂದಾಂವ

ಕಂದೀಲು ಸಣ್ಣದು ಮಾಡ್ರಿ. ಮತ್ತ ಯಾರೂ ನನ್ನ ಮಾರಿ ನೋಡಬ್ಯಾಡ್ರಿ... ನೋಡಿದ್ರ ನನಗ ಹೇಳ್ಲಾಕ ಬರಂಗಿಲ್ಲ. ನಾ ಎಂದೂ ಇಂಥಾದು ಹೇಳಿಲ್ಲ.

ಇದು ನಮ್ಮ ಮುಕುಂದಣ್ಣಗ ಆಗಿದ್ದು. ಅನಸೂಯಾಬಾಯಿ ಅತ್ತಿ ಮಗ. ಪುಸ್ತಕದಾಗ ಓದಿದ್ದಲ್ಲ... ಏ ಬಂಡು, ನಗಬ್ಯಾಡ. ನಿನಗ ಅಂಜಿಕಿ ಬಂದ್ರ ಅಕ್ಕನ ಬಾಜೂಕ ಹೋಗಿ ಕೂಡು.

ಅವತ್ತ ಮುಕುಂದಣ್ಣ ಕಮಲಾಪುರದಾಗ ಕೆಲಸ ಮುಗಿಸಿ, ಗುಲಬರ್ಗಾ ಬಸ್ಸು ಹಿಡೀಬೇಕಂತ ರೋಡಿಗಿ ಹೊಂಟಿದ್ದ. ಒಬ್ಬನ. ಕತ್ತಲಾಗಿತ್ತು. ಎರಡೂ ಕಡಿ ಕೆಂಪ ಬಾಳಿ ತೋಟ. ಗಾಳಿಗಿ ಎಲಿ ಪರ್... ಪರ್... ಅಂತಿದ್ವು, ಹಳೀ ಅರಿವಿ ಯಾರೋ ಹರದಂಗ. ಹಾದಿ ಬಾಜೂಕ ಒಂದು ಸರಕಾರಿ ಭಾವಿ. ಬಾಯಿಗಿ ಮುಳ್ಳಕಂಟಿ ಒಗದಿದ್ರು. ಗಡಗಡಿ ಇತ್ತು, ಅದಕ್ಕ ಹಗ್ಗ ಇದ್ದಿಲ್ಲ.

ಗಡಗಡಿ ತಿರಗ್ತು.

ಕಿರ್ರ್... ಕಿರ್ರ್... ನಿಂತ್ತು.

ಗಾಳಿಗಿ ತಿರಗಿದಂಗಲ್ಲ. ತುಂಬಿದ ಕೊಡ ಜಗ್ಗುವಾಗ ಹೆಂಗ ಸಾವಕಾಶ ತಿರಗ್ತದ, ಹಂಗ. ಕೆಳಗ ನೀರಾಗ ‘ಗುಳುಕ್’ ಅಂತು. ಮುಕುಂದಣ್ಣ ತಿರುಗಿ ನೋಡ್ಲಿಲ್ಲ. ಚಪ್ಪಲ್ ಕೈಯಾಗ ಹಿಡಕೊಂಡು ಓಡಿ ಬಂದು ಬಸ್ಸು ಹತ್ಯಾನ.

ಅಂವ ಅಲ್ಲಿಗಿ ಯಾಕ ಹೋಗಿದ್ದ, ಹೇಳ್ತೀನಿ.

ವಕೀಲಿ ಓದು ಮುಗಿಸಿ ಸರಕಾರದ ನೀರಿನ ಕಚೇರಿಯೊಳಗ ಟ್ರೇನಿ ಅಂತ ಸೇರಿದ್ದ. ಬೆಂಗಳೂರಾಗ ವಿಧಾನಸಭಾ ನಡದಾಗ ಎಮ್ಮೆಲ್ಲೆಗೋಳು ಪ್ರಶ್ನಿ ಕೇಳ್ತಾರಲ್ಲ... ಆ ಪ್ರಶ್ನಿ ಫ್ಯಾಕ್ಸಿನಾಗ ಇಲ್ಲಿಗಿ ಬರ್ತಿತ್ತು. ಉತ್ತರ ಇಲ್ಲಿಂದ ಹೋಗಬೇಕು. ಮುಕುಂದಣ್ಣನ ಕೆಲಸ ಅದೇ, ಉತ್ತರ ತಯಾರ ಮಾಡೋದು. ಅಲ್ಲಿ ಮಂತ್ರಿ ಎದ್ದು ನಿಂತು ಓದ್ತಾರ. ಒಮ್ಮಿ ಸಭಾದಾಗ ಓದಿದ್ರ ಮುಗೀತು. ಅದೇ ಖರೇ ಆಗಿ ಕೂಡ್ತದ.

ಅವತ್ತಿನ ಪ್ರಶ್ನಿ ಆ ಭಾವೀದು. ಹೂಳ ತಗೀಲಾಕ ದೌಲಪ್ಪ ಅಂಬಾಂವ ಅದರಾಗ ಇಳದಿದ್ದ. ಮ್ಯಾಲ ಬಂದಿದ್ದು ಯಾರೂ ನೋಡಿಲ್ಲ. ಕೆಲಸ ಹಿಡದ ಗುತ್ತೇದಾರ ಮಾತ್ರ, ಅಂವ ಮ್ಯಾಲ ಬಂದು ಹೈದ್ರಾಬಾದಿಗಿ ಓಡಿ ಹೋಗ್ಯಾನಂತ ಹೇಳಿದ್ದ. ಕಚೇರಿಯವ್ರು ಭಾವಿಗಿ ಮಣ್ಣು ಹಾಕಿ ಮುಚ್ಚೋರಿದ್ರು.

ವಿಚಾರಿಸಲಾಕ ಕಮಲಾಪುರಕ್ಕ ಹೋದ ಮುಕುಂದಣ್ಣನ ಮುಂದ, ದೌಲಪ್ಪನ ಹೆಂಡ್ತಿ ಅಂಬಮ್ಮ ಗಂಡನ ಒಂದು ಜೋಡಿ ಚಪ್ಪಲ್ ತಂದಿಟ್ಟಳಂತ.

“ಹೈದ್ರಾಬಾದಿಗಿ ಬರಿಗಾಲೀಲೆ ಹೋಗ್ಯಾನೇನ್ರಿ ಸಾಹೇಬ? ಅಂವ ಚರಗಿ ತಗೊಂಡು ಹೊಲಕ್ಕ ಹೋಗೋದಾದ್ರೂ ಚಪ್ಪಲ್ ಬಿಡಾಂವಲ್ಲ.”

“ನಾ ಸಾಹೇಬ ಅಲ್ರೀ ಅಕ್ಕಾರ. ಈಗ ಕಲೀಲಾಕತ್ತೀನಿ.”

“ಕಲೀಲಾಕತ್ತೋರಿಗಿ ಬರೀಲಾಕೂ ಬರ್ತದಲ್ಲ? ಬರೀರಿ. ನೀರು ಖಾಲಿ ಮಾಡಿ ಒಮ್ಮಿ ನೋಡ್ರಿ ಅಂತ. ಆಮ್ಯಾಲ ಬೇಕಾದ್ರ ಮುಚ್ರಿ. ಮಣ್ಣು ಹಾಕಿದ ಮ್ಯಾಲ ನಾ ಯಾರನ್ನ ಕೇಳ್ಲಿ?”

ಆ ರಾತ್ರೀನೇ ಕಚೇರಿಗಿ ಬಂದು ಇದನ್ನ ಹೇಳಿದ್ರ, ಅವನ ಮ್ಯಾಲಿನ ಜಗದೇವಪ್ಪ ಸಾಹೇಬ್ರು ನಕ್ಕಾರ.

“ಏ ವಕೀಲಾ, ಊರ ಹೆಣ್ಮಕ್ಕಳ ಮಾತೆಲ್ಲಾ ಮಂತ್ರಿ ಬಾಯಾಗ ಹಾಕ್ತೀಯೇನು? ಉತ್ತರ ನಾ ಬರಸೀನಿ. ಟೈಪ್ ಆಗ್ಯದ, ಸಹಿ ಹಾಕೀನಿ. ತಾಳೆ ನೋಡಿ ಫ್ಯಾಕ್ಸ್ ಮಾಡು.”

“ಸರ್, ಭಾವಿಯಾಗ ಯಾರೂ ಇಳದು ನೋಡಿಲ್ರಿ...”

“ಮಾಡಂಗಿಲ್ಲಂದ್ರ ನಾಳಿಂದ ಬರಬ್ಯಾಡ.”

ಅಷ್ಟಂದು ಹ್ವಾದ್ರು.

ಈ ತಾಳೆ ನೋಡೋದು ಅಂದ್ರ... ಇಬ್ಬರು ಎದುರಾಬದುರು ಕೂಡ್ತಾರ. ಒಬ್ಬಾಂವ ಟೈಪ್ ಆಗಿದ್ದು ಓದ್ತಾನ. ಇನ್ನೊಬ್ಬಾಂವ ಕೈಬರಹದ್ದು ಹಿಡಕೊಂಡು ಸಾಲಿಗೊಮ್ಮಿ ‘ಹೂಂ’ ಅಂತಾನ. ‘ಹೂಂ’ ಬರ್ಲಿಲ್ಲಂದ್ರ ಆ ಸಾಲು ತಪ್ಪು. ಮುಂದ ಹೋಗಂಗಿಲ್ಲ. ಒಬ್ಬರ ಕೂತು ಎಂದೂ ಓದಬಾರದು, ಅಂತ ಅಲ್ಲಿಯ ಗುಮಾಸ್ತ ಗುರುಲಿಂಗಪ್ಪ ಹೇಳಿಕೊಟ್ಟಿದ್ದ. ಆದ್ರ ಗುರುಲಿಂಗಪ್ಪ ಜ್ವರ ಬಂದು ಮನ್ಯಾಗ ಮಲಗಿದ್ದ. ಇಡೀ ಕಚೇರಿ ಖಾಲಿ. ಮುಕುಂದಣ್ಣಗ ರೂಢಿ ಬಿದ್ದಿತ್ತು ನೋಡ್ರಿ... ಹಾಳಿ ಹಿಡದು ಒಬ್ಬನ ಜೋರಲೆ ಓದ್ಯಾನ.

“ಕಮಲಾಪುರ ಗ್ರಾಮದ ಭಾವಿಯಲ್ಲಿ ಹೂಳು ತೆಗೆಯುವ ಕೆಲಸ ನಡೆದಿರುತ್ತದೆ.”

“ಹೂಂ.”

ಎದುರಿನ ಖುರ್ಚಿಯಿಂದ.

ಮುಕುಂದಣ್ಣ ತಲಿ ಎತ್ತಲಿಲ್ಲ. ಎತ್ಲಾಕ ಆಗ್ಲಿಲ್ಲಂತ. ಆ ದನಿ ಹೆಂಗಿತ್ತಂದ್ರ... ಗಡಿಗಿಯೊಳಗ ಬಾಯಿಟ್ಟು ಅಂದಂಗ. ಎಲ್ಲೋ ಕೆಳಗಿಂದ.

ಓದೋದು ನಿಂದ್ರಿಸಿದ್ರ ಅದು ಏನ್ ಮಾಡ್ತದೋ ಅಂತ ಅಂಜಿ... ಮುಂದ ಓದ್ಯಾನ.

“ಸದರಿ ಕೆಲಸಕ್ಕೆ ದೌಲಪ್ಪ ಎಂಬ ಕೂಲಿಕಾರನನ್ನು ಇಳಿಸಲಾಗಿತ್ತು.”

“ಹೂಂ.”

“ಸದರಿಯವನು ಕೆಲಸ ಮುಗಿಸಿ ಮೇಲೆ ಬಂದು, ಊರು ಬಿಟ್ಟು ಹೋಗಿರುತ್ತಾನೆ.”

...

ಏನೂ ಇಲ್ಲ. ಮ್ಯಾಲ ಫ್ಯಾನು ಟಕ್... ಟಕ್... ಅಂತಿತ್ತು, ಅಷ್ಟೇ.

ಮತ್ತ ಓದ್ಯಾನ. “ಮೇಲೆ ಬಂದು, ಊರು ಬಿಟ್ಟು...”

ಖುರ್ಚಿ ಕಿರಕ್ ಅಂತು. ಯಾರೋ ಮುಂದಕ್ಕ ಬಗ್ಗಿದಂಗ. ಮಾರಿಗಿ ತಣ್ಣಗ ಗಾಳಿ ಬಡೀತು. ಹಸೀ ಕೆಸರಿನ ವಾಸನಿ.

ಮುಕುಂದಣ್ಣ ಕಣ್ಣು ಹಾಳಿಮ್ಯಾಲೇ ಇಟ್ಟು, ಭಾಳ ಸಣ್ಣ ದನೀಲೆ ಕೇಳ್ಯಾನ, “ಏನ್ ಬರೀಲಿ?”

ಎದುರಿಗಿ ಉಸರು ಮಾತ್ರ... ಹಸ್ಸ್... ಹಸ್ಸ್... ಕೆಸರಿನಾಗಿಂದ ಎಳಕೊಂಡಂಗ.

ನೌಕರಿ ನೆನಪಾತಂತ. ಮುಂಜಾನಿ ಅತ್ತಿ ಓಣಿಯೊಳಗ ಎಲ್ಲಾರಿಗೂ, ನಮ್ಮ ಮುಕುಂದ ಖಾಯಂ ಆಗ್ತಾನ, ಅಂತ ಹೇಳಿದ್ದು ನೆನಪಾತಂತ. ಅಂಬಮ್ಮ ಅಂದಿದ್ದೂ ನೆನಪಾತಂತ... ಆಮ್ಯಾಲ ಪೆನ್ನು ತಗೊಂಡು, ಸಾಹೇಬ್ರು ಸಹಿ ಹಾಕಿದ ಹಾಳಿಮ್ಯಾಲೇ ಆ ಸಾಲು ಹೊಡದು ಹಾಕಿ, ಮ್ಯಾಲ ಬರದಾನ. ಬರದು ಓದ್ಯಾನ.

“ಸದರಿಯವನು ಮೇಲೆ ಬಂದಿದ್ದನ್ನು ಯಾರೂ ನೋಡಿರುವುದಿಲ್ಲ. ಭಾವಿಯಲ್ಲಿ ಈವರೆಗೆ ಹುಡುಕಿರುವುದಿಲ್ಲ.”

ಎದುರಿನ ಖುರ್ಚಿ ಮತ್ತ ಕಿರಕ್ ಅಂತು.

“ಹೂಂ.”

ಈ ಸಲ ದನಿ ಬಾಗಲದ ಕಡಿಯಿಂದ ಬಂತು.

ಫ್ಯಾಕ್ಸ್ ಮಷೀನು ಕೀಂ... ಅಂತ ಕೂಗಿ, ಕರ್ ಕರ್ ಅಂತ ಆ ಹಾಳಿ ನುಂಗ್ತು. ಮುಂಜಾನಿ ಸಭಾದಾಗ ಮಂತ್ರಿ ಇದ್ದದ್ದು ಇದ್ದಂಗ ಓದಿ ಬಿಟ್ಟಾರ! ಹುಡುಕೇ ಇಲ್ಲ ಅಂದ್ರ ಹೆಂಗ ಅಂತ ಅಲ್ಲಿ ದೊಡ್ಡ ಗದ್ದಲ. ಭಾವಿಗಿ ಮಣ್ಣು ಹಾಕೋದು ನಿಂತ್ತು. ಮೋಟರ್ ಇಟ್ಟು ನೀರು ಖಾಲಿ ಮಾಡಿದ್ರು. ತಳದಾಗ ಒಂದು ಕಡಿ ಗ್ವಾಡಿ ಕುಸದಿತ್ತು. ದೌಲಪ್ಪ ಆ ಕಲ್ಲಿನ ಕೆಳಗ ಇದ್ದ.

ಮುಕುಂದಣ್ಣನ ನೌಕರಿ ಆ ದಿನಾನೇ ಹೋತು. ಅತ್ತಿ ಇನ್ನೂ ಬೈತಾಳ, ನಿಮಗ ಗೊತ್ತದ.

ಹೆಣ ಮ್ಯಾಲ ತಗದ ದಿನ ಅಂವ ಕಮಲಾಪುರಕ್ಕ ಹೋಗಿದ್ದ. ಮಂದಿ ಎಲ್ಲಾ ಅತ್ತರೂ ಅಂಬಮ್ಮ ಅಳ್ಲಿಲ್ಲಂತ. ಇವನ್ನ ಬಾಜೂಕ ಕರದು ಪಿಸಿಪಿಸಿ ಅಂದಾಳ.

“ದಿನಾ ಅವನ ಪಾಲಿನ ರೊಟ್ಟಿ ಮುಚ್ಚಿಡ್ತಿದ್ದೆರಿ. ಮುಂಜಾನಿ ಎದ್ದು ಆಕಳಿಗಿ ಹಾಕ್ತಿದ್ದೆ. ನೀವು ಬಂದು ಹೋದ ರಾತ್ರಿ... ಉಂಡಿದ್ದ. ತಾಟು ತೊಳದು ಬೋರಲ ಇಟ್ಟಿತ್ತು.”

“ನೀವೇ ತೊಳದಿರಬೇಕ್ರೀ ಅಕ್ಕಾರ, ನೆನಪಿಲ್ಲ.”

“ನಾ ತೊಳೀಲಿಲ್ರಿ. ಅದಕ್ಕೇ ತಿಳೀವಲ್ದು. ಇದ್ದಾಗ ಅಂವ ಒಂದಿನಾನೂ ತಾಟು ತೊಳದಾಂವಲ್ಲ.”

ಬಂಡು, ನಗು ಬೇಕಾದ್ರ. ನಾ ಸುಳ್ಳು ಹೇಳ್ಲಿಲ್ಲ. ಇದು ನಡದದ್ದದ... ನಾಳಿ ಮುಕುಂದಣ್ಣನ್ನೇ ಕೇಳ್ರಿ.

ಆ ರಾತ್ರಿ ಅಂಬಮ್ಮನ ಮನಿ ಬಾಗಲದ ಚಿಲಕ ಒಳಗಿಂದ ಹಾಕಿದ್ದು ಹಾಕಿದಂಗೇ ಇತ್ತಂತ.