ಹೆದರಿಸದ ಉತ್ತರ

...ಓದ್ದೆ ಕಣೇ ಕೈಸಾ, ಎರಡು ಸಲ ಓದ್ದೆ. ಸಾಕು, ನಿಮ್ಮಮ್ಮನ ಫೋನು ಆ ಕಡೆ ಇಡು. "ದವಡೆ ನೋವು, ಬೆನ್ನೆಲ್ಲಾ ಭಾರ, ಏನು ಮಾಡ್ಲಿ?" ಅಂತ ಫೋನಲ್ಲಿರೋ ಆ ಉತ್ತರ ಹೇಳೋ ಯಂತ್ರಾನ ಕೇಳಿದಾಳೆ. ಅದೆಷ್ಟು ನಯವಾಗಿ ಹೇಳಿದೆ ನೋಡು! "ಚಳಿಗೆ ಹೀಗಾಗೋದುಂಟು, ಗಾಬರಿ ಬೇಡ, ಬೆಚ್ಚಗೆ ಮಲಗಿ." ಮಲಗಿದ್ಲು... ಏಳಲಿಲ್ಲ. ಡುಲೂತ್‌ ಊರಿನ ಆಸ್ಪತ್ರೆ ಹತ್ತೇ ನಿಮಿಷದ ದಾರಿ!

ಯಾಕೆ ಹಾಗೆ ನೋಡ್ತೀಯ? ನಿನ್ನ ಚಿಕ್ಕಮ್ಮ ನಾನೇನು ಅದರೊಳಗೆ ಕೂತಿದ್ನಾ?

ಹೂಂ, ಅದಕ್ಕೆ ಕಲಿಸೋ ಕೆಲಸ ಮಾಡ್ತೀನಿ, ಸುಳ್ಳು ಹೇಳಲ್ಲ. ಮೂವತ್ತು ವರ್ಷ ನರ್ಸಾಗಿದ್ದೋಳು ಅಂತಲೇ ತಗೊಂಡ್ರು. ಒಂದು ಪ್ರಶ್ನೆಗೆ ಅದು ಎರಡು ಉತ್ತರ ಬರೆಯುತ್ತೆ. ಯಾವುದು ವಾಸಿ ಅಂತ ನಾನು ಒತ್ತಬೇಕು. ಅದಕ್ಕೆ ಎದೆ ಗೊತ್ತಿಲ್ಲ, ನೋವು ಗೊತ್ತಿಲ್ಲ ಕಣೇ! ಒಂದು ಪದ ಆದ್ಮೇಲೆ ಇನ್ಯಾವ ಪದ ಬರೋ ಹಾಗಿದೆ ಅಂತ ಅಂದಾಜು ಮಾಡುತ್ತೆ, ಅಷ್ಟೆ. ನಾವು ಒತ್ತಿದ್ದರಿಂದ, ನಮಗೆ ಎಂಥ ಮಾತು ಹಿಡಿಸುತ್ತೆ ಅಂತ ಕಲಿಯುತ್ತೆ. ನಮಗೆ... ಹೆದರಿಸದ ಮಾತು ಹಿಡಿಸುತ್ತೆ.

ನಾನೂ ಒತ್ತಿದೀನಿ. ಹೆಂಗಸರಿಗೆ ಹೃದಯದ ಕಾಟ ದವಡೆಯಿಂದಲೂ ಶುರುವಾಗುತ್ತೆ, ಗೊತ್ತಿಲ್ವಾ ನನಗೆ? ಆದ್ರೂ "ಈಗಲೇ ಆಸ್ಪತ್ರೆಗೆ ಹೋಗಿ" ಅನ್ನೋದು ಒರಟು ಅನ್ನಿಸಿ, ನಯವಾದದ್ದನ್ನೇ ಒತ್ತಿದೀನಿ. ಎಷ್ಟು ಸಲವೋ! ಆದ್ರೆ ನಾನೊಬ್ಳೇನಾ? ಸಾವಿರಾರು ಜನ ಒತ್ತಿದಾರೆ...

ಯಾಕೆ ನಗ್ತೀಯ? ನಗೋ ಮಾತಲ್ಲ. ಈ ಬೀದೀಲಿ ಈಗ ಯಾರೂ ಯಾರ ಬಾಗಿಲೂ ತಟ್ಟಲ್ಲ. ಮಗೂಗೆ ಜ್ವರ ಬಂದ್ರೂ ಅದನ್ನೇ ಕೇಳ್ತಾರೆ, ಗಂಡನ್ನ ಬಿಡ್ಲಾ ಅಂತಲೂ ಅದನ್ನೇ ಕೇಳ್ತಾರೆ. ಅದು ಎಲ್ಲರಿಗೂ ಅವರವರಿಗೆ ಬೇಕಾದ್ದನ್ನೇ ಹೇಳುತ್ತೆ.

ನಿಮ್ಮಮ್ಮನೂ ಅಷ್ಟೆ! ಅದನ್ನ ಕೇಳೋ ಬದಲು ನನ್ನನ್ನ ಕೇಳಬಾರದಿತ್ತಾ? ನಾಲ್ಕು ಬೀದಿ ಆಚೆ ಇರೋಳು ನಾನು! ದವಡೆ ಅಂದಿದ್ರೆ ಸಾಕಿತ್ತು, ಚಪ್ಪಲಿ ಕೂಡ ಹಾಕದೆ ಓಡಿ ಬರ್ತಿದ್ದೆ. ಒಂದೇ ಒಂದು ಮಾತು...

ಏನು?

ಬೈಯೇ ಬೇಕಾದ್ರೆ. ಆ ಫೋನು ಮತ್ತೆ ತೆಗೆದು ಕರೆಗಳ ಪಟ್ಟಿ ಯಾಕೆ ನನ್ನ ಮುಂದೆ ಹಿಡೀತೀಯ... ಕೈಸಾ?

...ಗೊತ್ತು ನಿನಗೆ.

ಮಾಡಿದ್ಲು. ಮೊದಲು ನನಗೇ ಫೋನು ಮಾಡಿದ್ಲು. ಮಧ್ಯಾಹ್ನ ಎರಡೂಕಾಲು. ನಾನು ಉತ್ತರ ಒತ್ತುತ್ತಾ ಕೂತಿದ್ದೆ. "ಯಾಕೋ ದವಡೆ..." ಅಂದ್ಲು. ಪೂರ್ತಿ ಹೇಳೋಕೆ ಬಿಡಲಿಲ್ಲ. "ಅಕ್ಕ, ಕೆಲಸದಲ್ಲಿದೀನಿ, ಆ ಯಂತ್ರಾನೇ ಕೇಳು" ಅಂದೆ. "ಅದಕ್ಕೆ ಕಲಿಸ್ತಿರೋಳು ನಾನೇ ಅಲ್ವಾ?"